ಎರಡು ಕೈಯ ಗೂಟ

ನಮ್ಮ ಊರಿನಲ್ಲಿ ದೇವರ ತೀರ್ಪು ಇಳಿಯುವುದು ಬೀಸುವ ಕಲ್ಲಿನ ಮೇಲೆ. ಗುಡುಗು, ಸಿಡಿಲು ಏನೂ ಇರುವುದಿಲ್ಲ. ಒಂದು ದಿನ ಬೆಳಗಿನ ಜಾವ ಯಾರದೋ ಮನೆಯ ಕಲ್ಲು ತಿರುಗುತ್ತದೆ, ಹಿಟ್ಟು ಬೀಳುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಊರಿನ ಕಾಗೆ ಯಾಕೆ ಕರ್ರಗಿದೆ ಎಂದು ನಾನೇನು ಕೇಳಿದೆನೇ? ಇನ್ನೊಂದು ಮಾತು, ನನ್ನ ದನಿ ಸ್ವಲ್ಪ ಜೋರು. ಅದಕ್ಕೆ ಕಾರಣವನ್ನು ಕೊನೆಗೆ ಹೇಳುತ್ತೇನೆ.

ಈ ತೀರ್ಪಿಗೆ ಪ್ರಾರ್ಥನಾ ಮನೆಯಲ್ಲಿ ಆಧಾರವೂ ಇತ್ತು. ಹಳೆ ಒಡಂಬಡಿಕೆಯಲ್ಲಿ ಪ್ರವಾದಿ ಯೆರೆಮೀಯ ಹೇಳಿದ್ದಾನೆ: ದೇವರು ಮುನಿದರೆ ಬೀಸುವ ಕಲ್ಲಿನ ಸದ್ದು, ದೀಪದ ಬೆಳಕು, ಮದುಮಗ ಮದುಮಗಳ ದನಿ, ಎಲ್ಲವೂ ನಿಂತುಹೋಗುತ್ತವೆ ಎಂದು. ಹೊಸ ಒಡಂಬಡಿಕೆಯ ಕೊನೆಗೆ, ಪ್ರಕಟನೆಯಲ್ಲಿ, ಬಾಬೆಲೆಂಬ ಮಹಾಪಟ್ಟಣ ಬೀಳುವಾಗಲೂ ಅದೇ ಕಲ್ಲು, ಅದೇ ದೀಪ, ಅದೇ ಮದುಮಗಳು. ಸಭೆಯ ಹಿರಿಯ ಜೆಕರ್ಯಪ್ಪ ಇವೆರಡನ್ನೂ ಒಂದರ ಹಿಂದೊಂದು ಓದಿ, ಕನ್ನಡಕ ತೆಗೆದು, “ಎರಡು ಸಾಕ್ಷಿ ಒಂದ ಮಾತು ಹೇಳ್ಯಾರ. ಇನ್ನ ಬದಲಿ ಮಾತಿಲ್ಲ” ಎನ್ನುತ್ತಿದ್ದ. ಪ್ರತಿದಿನ ನಸುಕಿನಲ್ಲಿ ಅವನು ಕಿವಿಗೆ ಅಂಗೈ ಆನಿಸಿಕೊಂಡು ಓಣಿ ಓಣಿ ಸುತ್ತುತ್ತಿದ್ದ. ಸದ್ದಿಲ್ಲದ ಮನೆ ಸಿಕ್ಕರೆ ಅದರ ಹೊಸ್ತಿಲ ಮೇಲೆ ಮಣ್ಣಿನ ಹಣತೆಯೊಂದನ್ನು ಬೋರಲು ಇಟ್ಟು ಹೋಗುತ್ತಿದ್ದ. ಅಲ್ಲಿಂದಾಚೆ ಆ ಮನೆಗೆ ಎಣ್ಣೆ ಇಲ್ಲ, ಬೆಂಕಿ ಇಲ್ಲ, ಹೆಣ್ಣು ಗಂಡು ಕೊಡುವುದು ತರುವುದು ಇಲ್ಲ. ಹೊಸ್ತಿಲನ್ನು ಯಾರೂ ದಾಟುವ ಹಾಗಿಲ್ಲ.

ಇನ್ನೊಂದು ಪದ್ಧತಿ ಇತ್ತು. ಕರ್ತನು ಬರುವ ದಿನ ಇಬ್ಬರು ಹೆಂಗಸರು ಬೀಸುತ್ತ ಕೂತಿರುತ್ತಾರೆ, ಒಬ್ಬಳನ್ನು ಒಯ್ಯಲಾಗುತ್ತದೆ, ಒಬ್ಬಳನ್ನು ಬಿಡಲಾಗುತ್ತದೆ ಎಂದು ಸುವಾರ್ತೆಯಲ್ಲಿದೆಯಲ್ಲ, ಅದಕ್ಕೆ ನಮ್ಮೂರಿನ ಜಾಣರು ಹೂಡಿದ ಉಪಾಯ ಇದು: ಇಬ್ಬರು ಹೆಂಗಸರು ಒಂದೇ ಕಲ್ಲಿಗೆ ಕೂರಲೇಬಾರದು! ಇಬ್ಬರು ಕೂತರೆ ತಾನೆ ಒಬ್ಬಳನ್ನು ಒಯ್ಯುವುದು? ಹೀಗಾಗಿ ನಮ್ಮ ಬಡಗಿಗಳು ಕಲ್ಲಿಗೆ ಗಿಡ್ಡ ಗೂಟ ಹಾಕುತ್ತಿದ್ದರು, ಒಂದು ಮುಷ್ಟಿ ಹಿಡಿಯುವಷ್ಟು. ತಲೆತಲಾಂತರದಿಂದ ನಮ್ಮ ಹೆಂಗಸರು ಒಬ್ಬೊಬ್ಬರೇ ಕೂತು, ಭುಜ ಸೋಲುವವರೆಗೆ, ಒಂದೇ ಕೈಯಲ್ಲಿ ಬೀಸಿದರು.

ರೊಟ್ಟಿ ರಾಹೇಲವ್ವ ಎಂದರೆ ಊರಿಗೆಲ್ಲ ಗೊತ್ತು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಮಾರಿ, ಒಬ್ಬಳೇ ಮಗಳು ಸುವಾರ್ತಾಳನ್ನು ಸಾಕಿದವಳು. ಅವಳ ರೊಟ್ಟಿ ತೆಳ್ಳಗೆ, ಬಾಯಿ ದಪ್ಪ. ಸುವಾರ್ತಾಳನ್ನು ದೆಬೋರವ್ವನ ಮಗ ಆಮೋಸನಿಗೆ ಕೊಡುವುದೆಂದು ಮಾತಾಗಿತ್ತು. ದೆಬೋರವ್ವ ಪ್ರಾರ್ಥನಾ ಮನೆಯಲ್ಲಿ ಮಕ್ಕಳಿಗೆ ವಾಕ್ಯ ಕಲಿಸುವವಳು, ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಅಂಥವಳು ತಾನಾಗಿ ಬಂದು ರೊಟ್ಟಿ ಮಾರುವವಳ ಮನೆಯ ಹೆಣ್ಣು ಕೇಳಿದ್ದಳೆಂದರೆ ಹುಡುಗಿ ಹೇಗಿರಬೇಕು, ನೀವೇ ಯೋಚಿಸಿ. ಮದುವೆಗೆ ಇನ್ನೇನು ಒಂದು ವಾರ ಉಳಿದಿತ್ತು.

ಅಂಥ ಒಂದು ಬೆಳಗಿನ ಜಾವ ರಾಹೇಲವ್ವ ಕಲ್ಲಿಗೆ ಕೂತು ಒಂದು ಹಿಡಿ ಜೋಳ ಹಾಕಿ ತಿರುಗಿಸಿದಳು. ಸದ್ದಿಲ್ಲ. ಕಿವಿಯಲ್ಲಿ ಏನೋ ಹೊಕ್ಕಿದೆ ಎಂದುಕೊಂಡು ಕಿರುಬೆರಳು ಹಾಕಿ ಅಲ್ಲಾಡಿಸಿದಳು. ಚಪ್ಪಾಳೆ ತಟ್ಟಿದಳು, ಕೇಳಿಸಿತು. ಮತ್ತೆ ತಿರುಗಿಸಿದಳು. ಹಿಟ್ಟು ದಿನದಂತೆಯೇ ಸುತ್ತಲೂ ಉದುರುತ್ತಿತ್ತು, ನುಣ್ಣಗೆ, ಬೆಚ್ಚಗೆ. ಮಗ್ಗುಲಲ್ಲಿ ಕಸ ಹೊಡೆಯುತ್ತಿದ್ದ ಸುವಾರ್ತಾ ಕಸಬರಿಗೆ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಆ ಗಳಿಗೆಯಿಂದ ಹುಡುಗಿ ಬಾಯಿ ತೆರೆಯಲಿಲ್ಲ. ತೆರೆದರೆ ದನಿ ಬರದಿದ್ದರೆ ಏನು ಗತಿ ಎಂಬ ಹೆದರಿಕೆ.

ಹೊರಗೆ ಜೆಕರ್ಯಪ್ಪನ ಕೋಲಿನ ಸಪ್ಪಳ ಬಂತು. ರಾಹೇಲವ್ವ ಬೇರೆ ಉಪಾಯ ತೋಚದೆ ಬೀಸುವ ಪದವನ್ನು ಗಂಟಲು ಹರಿಯುವ ಹಾಗೆ ಹಾಡತೊಡಗಿದಳು. ಅವನು ಗೋಡೆಯ ಆಚೆ ನಿಂತ.

“ಹಾಡು ನಿಲ್ಲಸು, ರಾಹೇಲವ್ವ.”

“ಯಾಕ್ರೀ ಹಿರಿಯರ? ಹಾಡಿದ್ರೂ ತಪ್ಪೇನು?”

“ನಾ ಕಲ್ಲಿನ ಸದ್ದು ಕೇಳಬೇಕು.”

ಅವಳು ಹಾಡು ನಿಲ್ಲಿಸಿದಳು, ಕಲ್ಲು ನಿಲ್ಲಿಸಲಿಲ್ಲ. ಜೆಕರ್ಯಪ್ಪ ಕಿವಿಗೆ ಅಂಗೈ ಆನಿಸಿ ಆಲಿಸಿದ. ಆಮೇಲೆ ಮೆತ್ತಗೆ ಕೇಳಿದ, “ಏನು ಪಾಪ ಮಾಡಿದ್ದಿ? ಹೇಳಿಬಿಡವಾ, ಮನಸ್ಸು ಹಗರಾಗತೈತಿ.”

“ಪಾಪ ಹುಡುಕಾಕ ಕುಂತ್ರ ಎಲ್ಲಾರ ಮನಿಯಾಗೂ ಸಿಗತಾವ್ರಿ. ಮೊನ್ನೆ ಹಾಲಿನಾಕಿ ನೀರು ಬೆರಸಿದ್ಲಂತ ಬೈದೇನಿ. ಅಷ್ಟಕ್ಕ ದೇವರು ನನ್ನ ಕಲ್ಲಿನ ಬಾಯಿ ಕಟ್ಟತಾನಂದ್ರ, ಅವಂಗೂ ಮಾಡಾಕ ಬ್ಯಾರೆ ಕೆಲಸ ಇಲ್ಲಂತ ಆತು!”

“ಬಾಯಿ ಬಿಗಿ ಹಿಡಿ,” ಎಂದು ಅವನು ಜೋಳಿಗೆಯಿಂದ ಹಣತೆ ತೆಗೆದು ಹೊಸ್ತಿಲ ಮೇಲೆ ಬೋರಲು ಇಟ್ಟ. ಬಹಳ ವರ್ಷದ ಹಿಂದೆ ಇಂಥದೇ ಹಣತೆಯನ್ನು ಅವನು ಸ್ವಂತ ಮಗಳು ಯೆಮೀಮಳ ಹೊಸ್ತಿಲ ಮೇಲೂ ಇಟ್ಟಿದ್ದ. ತೀರಿಹೋದ ಅಜ್ಜಿಯ ಮನೆಯಲ್ಲಿ ಅವಳು ಮದುವೆಯ ಹಿಟ್ಟು ಬೀಸಲು ಕೂತಾಗ ಆ ಕಲ್ಲು ಸುಮ್ಮನಾಗಿತ್ತು. ಮದುವೆ ಮುರಿಯಿತು. ಅಂದಿನಿಂದ ಅವಳು ಕಡೆಯ ಓಣಿಯ ಆ ಮನೆಯಲ್ಲಿ ಕತ್ತಲೆಯಲ್ಲೇ ಬದುಕಿದ್ದಳು. ಜೆಕರ್ಯಪ್ಪ ಆ ಒಂದು ಓಣಿಗೆ ಮಾತ್ರ ಹೋಗುತ್ತಿರಲಿಲ್ಲ.

ಅವನು ಬೀದಿಯ ತಿರುವು ದಾಟುವ ಮೊದಲೇ ರಾಹೇಲವ್ವ ಹಣತೆಯನ್ನು ಎತ್ತಿ, ಸರಿಯಾಗಿ ತಿರುಗಿಸಿ ಇಟ್ಟಳು. ಬತ್ತಿ ಹೊಸೆದಳು. ಡಬ್ಬಿಯ ತಳದಲ್ಲಿದ್ದ ಎಣ್ಣೆ ಸುರಿದಳು.

ಸಂಜೆ ಗಾಣದ ಮಾರ್ಕಪ್ಪನ ಹತ್ತಿರ ಎಣ್ಣೆಗೆ ಹೋದಳು. ಅವನು ಎಣ್ಣೆ ಅಳೆಯುವ ಹುಟ್ಟನ್ನು ಕೆಳಗಿಟ್ಟು ನೆಲ ನೋಡಿದ. “ತಪ್ಪು ತಿಳೀಬ್ಯಾಡ ಅಕ್ಕಾ. ಬೋರಲು ಹಣತಿ ಮನಿಗೆ ಎಣ್ಣಿ ಕೊಡಂಗಿಲ್ಲ.”

“ಯಾಕ?”

“ದೀಪ ಆರತೈತಿ ಅಂತ ಬರದೈತಲ್ಲ.”

“ಆರತೈತಿ ಅಂತ ಬರದೈತೋ, ಮಾರ್ಕಪ್ಪ ಆರಿಸಬೇಕು ಅಂತ ಬರದೈತೋ?”

ಮಾರ್ಕಪ್ಪ ಗಾಣದ ಎತ್ತಿಗೆ ಹೋಯ್ ಎಂದು ಸುಮ್ಮನೆ ಗದರಿದ. ರಾಹೇಲವ್ವ ಬರಿಗೈಯಲ್ಲಿ ಮನೆಗೆ ಬಂದು ಹಣತೆಯ ಮುಂದೆ ಕೂತಳು. ಇದ್ದ ಎಣ್ಣೆ ತೀರುವವರೆಗೆ ದೀಪ ಚೆನ್ನಾಗಿಯೇ ಉರಿಯಿತು. ತೀರಿದ ಮೇಲೆ ಆರಿತು. ಎಣ್ಣೆ ತೀರಿದ ದೀಪ ಯಾರ ಮನೆಯಲ್ಲಾದರೂ ಹೇಗೆ ಆರುತ್ತದೋ ಹಾಗೆಯೇ ಆರಿತು. ಅದನ್ನು ಕಣ್ಣಾರೆ ಕಂಡ ಮೇಲೆ ಅವಳ ಹೆದರಿಕೆ ಹೋಗಿ ಸಿಟ್ಟು ಬಂತು. ಆ ಸಿಟ್ಟು ಸಾಯುವವರೆಗೂ ಪೂರ್ತಿ ಇಳಿಯಲಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಮರುದಿನ ದೆಬೋರವ್ವ ಬಂದು ಹೊಸ್ತಿಲ ಆಚೆಯೇ ನಿಂತಳು.

“ಬೀಗತಿ ಅಂತ ಕರೀಬೇಕೋ ಬ್ಯಾಡೋ ತಿಳೀವಲ್ತು,” ಎಂದಳು.

“ಕರೀರಿ. ಕರದ್ರ ನಾಲಿಗಿ ಏನು ಬಿದ್ದು ಹೋಗಂಗಿಲ್ಲ.”

“ನಿಶ್ಚಯದ ಸೀರಿ ವಾಪಸ್ ಕೇಳಾಕ ಬಂದೇನಿ, ರಾಹೇಲವ್ವ.” ಹೇಳುವಾಗ ಅವಳ ಮುಖ ಬಾಡಿತ್ತು.

“ಸೀರಿ ಒಳಗ ಪೆಟಗಿಯಾಗೈತಿ. ಬಂದು ತಗೊಂಡು ಹೋಗ್ರಿ. ನಾ ಹೊರಗ ತಂದು ಕೊಡಂಗಿಲ್ಲ.”

ದೆಬೋರವ್ವ ಹೊಸ್ತಿಲನ್ನು ನೋಡಿದಳು. ಕಾಲು ಎತ್ತಲಿಲ್ಲ. ಒಳಗೆ ಕಂಬಕ್ಕೆ ಒರಗಿ ಸುವಾರ್ತಾ ತುಟಿ ಬಿಗಿದು ನಿಂತಿದ್ದಳು, ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು.

“ಆಮೋಸ ಏನಂತಾನ?” ರಾಹೇಲವ್ವ ಕೇಳಿದಳು.

“ಅವನ ಮಾತು ಕೇಳಿದ್ರ ನಾ ಇಲ್ಲಿಗೆ ಬರತಿದ್ದಿಲ್ಲ. ನಿನ್ನೆಯಿಂದ ಉಂಡಿಲ್ಲ. ಆದ್ರ ನಾ ಏನ ಮಾಡ್ಲಿ? ಹುಡುಗಿ ದನಿ ಆಗಲೇ ನಿಂತೈತಿ ಅಂತ ಓಣಿ ತುಂಬ ಮಾತು.”

“ನಿಂತಿಲ್ಲ, ಹೆದರ್ಯಾಳ. ಕೇಳ್ರಿ ಇಲ್ಲಿ. ಕಲ್ಲಿನ ಸದ್ದು ಮ್ಯಾಲಿನವ ತಗೊಂಡ, ಒಪ್ಪಿದೆ. ದೀಪ ಯಾರು ತಗೊಂಡ್ರು? ಗಾಣದ ಮಾರ್ಕಪ್ಪ. ಈಗ ಮದುಮಗಳ ದನಿ ತಗೊಳ್ಳಾಕ ಯಾರು ಬಂದಾರ? ನೀವು. ಎಲ್ಲಾ ನೀವ ಮಾಡಿ ದೇವರ ಹೆಸರು ಹೇಳತೀರಿ! ನಾ ಓದಿದಾಕಿ ಅಲ್ಲ. ನೀವು ಹುಡುಗ್ರಿಗೆ ಕಲಸ್ತೀರಲ್ಲ, ನೀವ ಹೇಳ್ರಿ. ಅಷ್ಟು ದೊಡ್ಡ ಪುಸ್ತಕದಾಗ ಮದುಮಗಳ ದನಿ ಅಲ್ಲಿಗೇ ಮುಗೀತೇನು? ಮುಂದ ಎಲ್ಲೂ ಆಕಿ ಬಾಯಿ ಬಿಡೂದ ಇಲ್ಲೇನು?”

ದೆಬೋರವ್ವ ಸೀರೆ ತೆಗೆದುಕೊಳ್ಳದೆ ಹೊರಟುಹೋದಳು.

ರಾಹೇಲವ್ವ ಒಳಗೆ ಬಂದವಳೇ ಕಲ್ಲಿನ ಗಿಡ್ಡ ಗೂಟವನ್ನು ಕಿತ್ತು ಒಲೆಗೆ ಎಸೆದಳು. ಮೂಲೆಯಲ್ಲಿದ್ದ ಹಳೆಯ ಒನಕೆಯನ್ನು ಕೊಡಲಿಯಿಂದ ಕಡಿದು, ಕೆತ್ತಿ, ಮೊಳದುದ್ದದ ಗೂಟ ಮಾಡಿ ಬಡಿದು ಕೂರಿಸಿದಳು. ಅದರಲ್ಲಿ ಇಬ್ಬರ ಕೈ ಆರಾಮಾಗಿ ಹಿಡಿಸುತ್ತಿತ್ತು. ಸುವಾರ್ತಾ ನೋಡಿ ಬೇಡ ಬೇಡ ಎಂದು ತಲೆಯಾಡಿಸಿದಳು.

“ನಿನಗಲ್ಲ ತಗೊ,” ಎಂದಳು ಅವ್ವ. “ಬರೋರು ಬರ್ತಾರ.”

ಬರುವರೆಂದು ಅವಳಿಗೇನು ಖಾತ್ರಿ ಇತ್ತೇ? ಎಲ್ಲಿಯ ಖಾತ್ರಿ! ಆ ಮನೆಯ ಹೊಸ್ತಿಲನ್ನು ನಾಯಿ ಕೂಡ ಮೂಸಿ ನೋಡಿರಲಿಲ್ಲ. ಆದರೂ ಮರುದಿನ ನಸುಕಿನಲ್ಲಿ ಎದ್ದು, ಮದುವೆಗೆ ಬೇಕಾದ ಜೋಳವನ್ನೆಲ್ಲ ಮೊರಕ್ಕೆ ಸುರಿದುಕೊಂಡು ಕೂತಳು. ಆಗಲೇ ಬಾಗಿಲಲ್ಲಿ ದೆಬೋರವ್ವ ಕಂಡಳು. ಒಂದು ಕೈಯಲ್ಲಿ ಎಣ್ಣೆಯ ತಂಬಿಗೆ, ಕಂಕುಳಲ್ಲಿ ಸತ್ಯವೇದ. ಒಂದು ಗಳಿಗೆ ನಿಂತು, ಉಸಿರು ಬಿಗಿಹಿಡಿದು, ಹೊಸ್ತಿಲು ದಾಟಿದಳು. ಹಣತೆಗೆ ಎಣ್ಣೆ ಹೊಯ್ದಳು. ಆಮೇಲೆ ಕಲ್ಲಿನ ಕಡೆ ತಿರುಗಿದಳು.

“ಇದೇನಿದು, ಇಷ್ಟುದ್ದ?”

“ಗೂಟ. ಇಬ್ಬರದು.”

“ಹುಚ್ಚಿ ಏನ ನೀನು? ಇಬ್ಬರು ಕುಂತ್ರ ಒಬ್ಬಾಕಿನ್ನ ಒಯ್ತಾನ!”

“ಒಯ್ಯಲಿ. ನನ್ನ ಒಯ್ದ್ರ ಮದವಿ ನೀವು ಮಾಡ್ರಿ. ನಿಮ್ಮನ್ನ ಒಯ್ದ್ರ ನಾ ಮಾಡ್ತೇನಿ. ಮದವಿ ಅಂತೂ ನಿಲ್ಲಂಗಿಲ್ಲ.”

ದೆಬೋರವ್ವ ಅವಳನ್ನೇ ದಿಟ್ಟಿಸಿದಳು. ಆಮೇಲೆ, ನಂಬಿದರೆ ನಂಬಿ, ನಕ್ಕುಬಿಟ್ಟಳು. ಪುಸ್ತಕವನ್ನು ಮಗ್ಗುಲಲ್ಲಿಟ್ಟು, ಸೀರೆ ಮೊಣಕಾಲಿಗೆ ಸಿಕ್ಕಿಸಿ, ಎದುರು ಕೂತು ಗೂಟ ಹಿಡಿದಳು. ಅವಳ ಕೈ ತಣ್ಣಗಿತ್ತು, ಹೆದರಿಕೆಯಿಂದ. ರಾಹೇಲವ್ವನ ಕೈ ಬಿಸಿಯಾಗಿತ್ತು. ಕಲ್ಲು ತಿರುಗಿತು, ಒಂದಿಷ್ಟೂ ಸದ್ದಿಲ್ಲದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕಾದರು. ಯಾರನ್ನೂ ಯಾರೂ ಒಯ್ಯಲಿಲ್ಲ. ಮೊದಲ ಹಿಡಿ ಜೋಳ ಹಿಟ್ಟಾಯಿತು, ರಾಹೇಲವ್ವ ಎರಡನೆಯ ಹಿಡಿ ಹಾಕಿದಳು.

ಬೆಳಕು ಹರಿಯುವ ಹೊತ್ತಿಗೆ ಅರ್ಧ ಊರು ಅಂಗಳದಲ್ಲಿತ್ತು. ಜೆಕರ್ಯಪ್ಪ ಮುಂದೆ ಬಂದ. ದೀಪ ಉರಿಯುವುದನ್ನು ನೋಡಿದ, ಎರಡು ಕೈ ಒಂದೇ ಗೂಟದ ಮೇಲಿರುವುದನ್ನು ನೋಡಿದ. “ದೆಬೋರಾ! ವಾಕ್ಯ ಕಲಿಸೋ ನೀನೂ?” ಎಂದ.

“ಕಲಿಸೋಳು ಅಂತಲೇ ಬಂದೇನಿ, ಹಿರಿಯರ. ನಿನ್ನೆ ಪೂರಾ ದಿನ ಕುಂತು ಓದಿದೆ. ಯೆರೆಮೀಯ ಕಲ್ಲು, ದೀಪ, ಮದುಮಗಳ ದನಿ ನಿಲ್ಲತಾವ ಅಂದಲ್ಲಿಗೆ ಸುಮ್ಮನ ಕುಂತಿಲ್ಲ. ಮುಂದ ಹೋಗಿ, ಹಾಳು ಬಿದ್ದ ಇದೇ ಜಾಗಾದಾಗ ಮದುಮಗ ಮದುಮಗಳ ದನಿ ಮತ್ತ ಕೇಳತೈತಿ ಅಂದಾನ.”

“ಅದು ನನಗ ಗೊತ್ತಿಲ್ಲ ಅಂತ ತಿಳದಿ?” ಜೆಕರ್ಯಪ್ಪನ ದನಿ ಗಡುಸಾಯಿತು. “ಅಲ್ಲಿ ದನಿ ತಿರುಗಿ ಕೊಡೋವಾಗ ಕಲ್ಲಿನ ಸದ್ದಿನ ಹೆಸರೇ ಇಲ್ಲ. ಮತ್ತ ಹಳೇದರಾಗ ಕೊಟ್ಟದ್ದನ್ನ ಪ್ರಕಟನೆಯೊಳಗ ಎಲ್ಲಾ ತಿರುಗಿ ಕಸಗೊಂಡಾನ. ಕಡೀ ಮಾತು ಅದು.”

“ಕಡೀ ಮಾತು ಅಲ್ರಿ ಅದು! ಹಾಳಿ ತಿರುವ್ರಿ. ಆ ಶಾಪ ವ್ಯಾಪಾರದಾಗ ಸೊಕ್ಕಿದ ಮಹಾಪಟ್ಟಣಕ್ಕ ಕೊಟ್ಟದ್ದು, ರೊಟ್ಟಿ ಬಡಿಯಾಕಿಗೆ ಅಲ್ಲ. ಮದುಮಗಳ ದನಿ ನಿಂತಿತು ಅಂದ ಮಗ್ಗಲ ಅಧ್ಯಾಯದಾಗ ಕುರಿಮರಿಯ, ಅಂದ್ರ ನಮ್ಮ ಕರ್ತನ, ಮದವಿ ಐತಿ. ಪುಸ್ತಕದ ಕಟ್ಟಕಡೀ ಹಾಳಿಯೊಳಗ ಮದುಮಗಳು ಬಾಯಿ ಬಿಟ್ಟು ‘ಬಾ’ ಅಂತ ಕರೀತಾಳ. ನಿಮ್ಮ ಎರಡೂ ಸಾಕ್ಷಿ ಸಿಟ್ಟಿನ ಮಾತು ಒಂದ ಹೇಳ್ಯಾರ, ಖರೆ. ಸಿಟ್ಟು ಇಳಿದ ಮ್ಯಾಲಿನ ಮಾತೂ ಇಬ್ಬರದೂ ಒಂದ ಐತಲ್ಲ! ಅದನ್ನ ಯಾಕ ಓದಲಿಲ್ಲ ನೀವು?”

ಜೆಕರ್ಯಪ್ಪ ಕೋಲಿನ ಮೇಲೆ ಭಾರ ಹಾಕಿ ನಿಂತ. “ಹಂಗಾರ ನನ್ನ ಯೆಮೀಮಾ...” ಎಂದ.

ರಾಹೇಲವ್ವ ಬೀಸುವುದನ್ನು ನಿಲ್ಲಿಸದೆ ಹೇಳಿದಳು, “ಆಕಿ ದೀಪ ದೇವರು ಆರಿಸಿಲ್ರಿ, ಹಿರಿಯರ.”

ಇಷ್ಟು ವರ್ಷದಲ್ಲಿ ಯಾರೂ ಅವನಿಗೆ ಈ ಮಾತು ಹೇಳಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟಿದೆ, ಆದರೂ ಆ ಗಳಿಗೆಯಲ್ಲಿ ಅವನಿಗಾದ ಸಂಕಟವನ್ನು ಇಲ್ಲವೆನ್ನಲಾರೆ. ರಾಹೇಲವ್ವ ಹೇಳಿದ್ದು ಸುಳ್ಳಾಗಲಿ ಎಂದು ಅವನು ಬೇಡಿಕೊಂಡಿರಬೇಕು, ನಿಜವಾದರೆ ಮಗಳ ಮನೆ ಕತ್ತಲೆ ಮಾಡಿದವನು ತಾನೇ ಎಂದಾಗುತ್ತಿತ್ತು. ಕೊನೆಗೆ “ಮದವಿ ದಿನಾ ಬರತೇನಿ. ಹುಡುಗಿ ಕರಿಯೋದು ಬೀದಿಗೆ ಕೇಳಿದ್ರ ಆತು. ಕೇಳದಿದ್ರ ಮದವಿ ಇಲ್ಲ,” ಎಂದು ಹೊರಟ.

ಅದು ನಮ್ಮೂರಿನ ಕಟ್ಟಳೆ. ಮದುಮಗ ಬೀದಿಯಲ್ಲಿ ನಿಂತಿರುತ್ತಾನೆ. ಮದುಮಗಳು ಮನೆಯ ಒಳಗಿಂದ ಅವನನ್ನು ಕರೆಯಬೇಕು. ಬೀದಿಯಲ್ಲಿ ನಿಂತವರಿಗೆ ಕೇಳಿಸಿದರೆ ಮದುವೆ ಆದಂತೆ.

ಆ ದಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮದುವೆಗೆ ಬಂದವರು ಕೆಲವರು, ಮದುವೆ ಮುರಿಯುವುದನ್ನು ನೋಡಲು ಬಂದವರೇ ಬಹಳ. ಆಮೋಸ ಹೊಸ ಪಂಚೆ ಉಟ್ಟು, ಬೆವರುತ್ತ, ಬಾಗಿಲನ್ನೇ ನೋಡುತ್ತ ನಿಂತಿದ್ದ. ಜೆಕರ್ಯಪ್ಪ ತನ್ನ ದಿನದ ಜಾಗದಲ್ಲಿ, ಗೋಡೆಯ ಪಕ್ಕ, ಕಿವಿಗೆ ಅಂಗೈ ಆನಿಸಿಕೊಂಡಿದ್ದ. ಒಳಗೆ ಬೀಗತಿಯರಿಬ್ಬರೂ ಕಲ್ಲಿಗೆ ಕೂತು, ಊಟಕ್ಕೆ ಕಡಿಮೆ ಬಿದ್ದ ಹಿಟ್ಟನ್ನು ಬೀಸುತ್ತಿದ್ದರು. ಸುವಾರ್ತಾ ನಿಶ್ಚಯದ ಸೀರೆ ಉಟ್ಟು ನಡುಮನೆಯಲ್ಲಿ ನಿಂತಳು. ಬಾಯಿ ತೆರೆದಳು.

ಏನೂ ಬರಲಿಲ್ಲ. ತುಟಿ ಅಲ್ಲಾಡಿತು, ಅಷ್ಟೇ. ಬೀದಿಯಲ್ಲಿ ಗುಜುಗುಜು ಎದ್ದಿತು. ಜೆಕರ್ಯಪ್ಪನ ಕೈ ಕಿವಿಯಿಂದ ಮೆಲ್ಲಗೆ ಕೆಳಗಿಳಿಯಿತು.

“ಏ ಹುಡುಗಿ!” ರಾಹೇಲವ್ವ ಕೂತಲ್ಲಿಂದಲೇ ಗದರಿದಳು. “ನಿನ್ನ ದನಿ ಎಲ್ಲೂ ಹೋಗಿಲ್ಲ, ಹೆದರಿಕಿ ಕುತ್ತಿಗಿ ಹಿಡದೈತಿ. ಇಲ್ಲಿ ನೋಡು, ನಿಮ್ಮತ್ತಿನೂ ಅದಾಳ, ನಾನೂ ಅದೇನಿ. ಒಬ್ಬರನ್ನೂ ಒಯ್ದಿಲ್ಲ. ಕರಿ ಅವನ್ನ!”

ಸುವಾರ್ತಾ ಗೂಟದ ಮೇಲಿನ ಎರಡು ಕೈಗಳನ್ನು ನೋಡಿದಳು. ಕಣ್ಣು ಮುಚ್ಚಿ, ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದಳು.

“ಬಾ!”

ಒಡೆದ ದನಿ. ಚೆಂದದ್ದೇನಲ್ಲ. ಆದರೆ ಗಾಣದ ಎತ್ತು ನಡಿಗೆ ನಿಲ್ಲಿಸಿತು ಎಂದು ಮಾರ್ಕಪ್ಪ ಆಣೆ ಮಾಡಿ ಹೇಳುತ್ತಿದ್ದ. ಮದುಮಗ ಗಂಭೀರವಾಗಿ ಹೆಜ್ಜೆ ಹಾಕಿ ಬರಬೇಕೆಂಬ ಪದ್ಧತಿ ಆಮೋಸನಿಗೆ ನೆನಪೇ ಆಗಲಿಲ್ಲ. ಚಪ್ಪಲಿ ಬೀದಿಯಲ್ಲೇ ಬಿಟ್ಟು ಓಡಿಬಂದ.

“ಇನ್ನೊಮ್ಮೆ ಕರಿಯಾಕ ಹೇಳ್ರಿ,” ಎಂದ ಜೆಕರ್ಯಪ್ಪ.

“ಯಾಕ್ರೀ, ಕೇಳಲಿಲ್ಲೇನು?” ರಾಹೇಲವ್ವ ಜಗಳಕ್ಕೆ ಸಿದ್ಧವಾಗಿ ಹೊರಗೆ ಬಂದಳು, ಮೊಣಕೈವರೆಗೆ ಹಿಟ್ಟು.

“ಕೇಳ್ತವಾ. ಇನ್ನೊಮ್ಮೆ ಕೇಳಬೇಕು ಅನ್ನಿಸ್ತು.” ಅವನ ಕಣ್ಣು ತುಂಬಿತ್ತು.

ಮದುಮಗ ಒಳಗೆ ಬಂದು ಪಕ್ಕದಲ್ಲೇ ನಿಂತಿದ್ದರೂ ಸುವಾರ್ತಾ ಇನ್ನೊಮ್ಮೆ ಕರೆದಳು. ಈ ಸಲ ನಗುತ್ತ ಕರೆದಳು.

ಮರುದಿನ ಜೆಕರ್ಯಪ್ಪ ಕಲ್ಲಿನ ಸದ್ದು ಕೇಳಲು ಸುತ್ತು ಹೋಗಲಿಲ್ಲ. ಎಣ್ಣೆಯ ತಂಬಿಗೆ ಹಿಡಿದು ಕಡೆಯ ಓಣಿಗೆ ಹೋದ. ಯೆಮೀಮಾ ಬಾಗಿಲು ತೆಗೆಯಲಿಲ್ಲ. ಯಾಕೆ ತೆಗೆಯಬೇಕು, ಹೇಳಿ? ಅವನು ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಬಂದ. ಅದರ ಮರುದಿನವೂ ಹೋದ, ಸಾಯುವವರೆಗೆ ಹೋದ. ಅವಳ ಮನೆಯಲ್ಲಿ ದೀಪ ಉರಿಯಿತು. ಬಾಗಿಲು ಮಾತ್ರ ಅವನಿಗೆಂದು ತೆರೆಯಲಿಲ್ಲ.

ರಾಹೇಲವ್ವನ ಕಲ್ಲಿಗೆ ಸದ್ದು ಮರಳಿ ಬರಲಿಲ್ಲ. ಇವತ್ತಿಗೂ ಇಲ್ಲ. ಆದರೆ ನಮ್ಮೂರಿನ ಹೆಂಗಸರಿಗೆ ಒಂದು ವಿಷಯ ಬೇಗ ತಿಳಿಯಿತು. ಸದ್ದಿಲ್ಲದ ಕಲ್ಲಿನ ಮುಂದೆ ಕೂತರೆ ಮಾತು ಚೆನ್ನಾಗಿ ಕೇಳಿಸುತ್ತದೆ! ಅತ್ತೆಯ ಮೇಲಿನ ದೂರು, ಗಂಡನ ಗುಟ್ಟು, ಎಲ್ಲವನ್ನೂ ಕಿರುಚದೆ ಹೇಳಬಹುದು. ಇಬ್ಬಿಬ್ಬರಾಗಿ ಬಂದು, ಸಾಲಾಗಿ ಕಾದು, ಅಲ್ಲೇ ಬೀಸತೊಡಗಿದರು. ಒಂದು ದಿನ ಯೆಮೀಮಳೂ ಸೇರು ಜೋಳ ಹೊತ್ತುಕೊಂಡು ಬಂದಳು. ರಾಹೇಲವ್ವ ಸರಿದು ಜಾಗ ಕೊಟ್ಟಳು. ಈಗ ಊರಿನಲ್ಲಿ ಗಿಡ್ಡ ಗೂಟ ಹುಡುಕಿದರೂ ಸಿಗುವುದಿಲ್ಲ.

ರಾಹೇಲವ್ವ ನನ್ನ ಅವ್ವನ ಅವ್ವ. ದೆಬೋರವ್ವ ನನ್ನ ಅಪ್ಪನ ಅವ್ವ. ನಾನು ಹುಟ್ಟಿ ಮೊದಲ ಸಲ ಅತ್ತಾಗ ಇಬ್ಬರೂ ಬೀಸುವುದು ಬಿಟ್ಟು ಎದ್ದು ಬಂದರಂತೆ. ಮೆಲ್ಲಗೆ ಮಾತಾಡು, ಹೆಣ್ಣಿಗೆ ಇಷ್ಟು ದನಿ ಯಾಕೆ ಎಂದು ಊರಿನವರು ಈಗಲೂ ಬೈಯುತ್ತಾರೆ. ಮೆಲ್ಲಗೆ ಮಾತಾಡುವುದಿಲ್ಲ ನಾನು. ಆ ಮನೆಯಿಂದ ಇನ್ನು ದನಿ ಕೇಳಿಸದು ಎಂದು ತೀರ್ಪಾಗಿತ್ತು. ಇಷ್ಟು ಹೊತ್ತು ನೀವು ಕೇಳಿದ್ದು ಆ ಮನೆಯ ದನಿಯನ್ನೇ.